ಪಾರಿವಾಳ ಮೊದಲೋ, ಕಾಗೆ ಮೊದಲೋ

ಪ್ರಳಯದ ಕಥೆ ಹತ್ತಾರು ನಾಡುಗಳಲ್ಲಿದೆ. ಅಷ್ಟಕ್ಕೇ ಮೂಲ ಒಂದೇ ಎನ್ನಬಾರದು. ನಂಟು ಹಿಡಿಯಬೇಕಾದದ್ದು ಸಣ್ಣ ವಿವರಗಳಲ್ಲಿ. ಪ್ರಾಚೀನ ಮೆಸೊಪೊಟೇಮಿಯದ (ಇಂದಿನ ಇರಾಕ್ ಸುತ್ತಿನ ನಾಡು) ಗಿಲ್ಗಮೇಶ್ ಕಾವ್ಯದ 11ನೇ ಮಣ್ಣಿನ ಫಲಕದಲ್ಲಿ ದೋಣಿ ಬೆಟ್ಟಕ್ಕೆ ತಗುಲಿದ ಏಳನೇ ದಿನ, ನೀರು ಇಳಿದಿದೆಯೇ ಎಂದು ನೋಡಲು ದೋಣಿಯವನು ಹಕ್ಕಿ ಬಿಡುತ್ತಾನೆ: ಮೊದಲು ಪಾರಿವಾಳ, ಆಮೇಲೆ ಅಂಬರಗುಬ್ಬಿ, ಕೊನೆಗೆ ಕಾಗೆ. ಮೊದಲೆರಡು ಕೂರಲು ಜಾಗ ಸಿಗದೆ ಮರಳುತ್ತವೆ, ಕಾಗೆ ಮರಳುವುದಿಲ್ಲ. ಬೈಬಲ್ಲಿನ ನೋಹನೂ ಹಕ್ಕಿ ಬಿಡುತ್ತಾನೆ, ಆದರೆ ಕಾಗೆಯೇ ಮೊದಲು. ಕ್ರಮ ಬೇರೆಯಾದರೂ, ಹಕ್ಕಿ ಬಿಡುವ ಇಂಥ ವಿವರ ನಂಟಿಗೆ ಗಟ್ಟಿ ಸುಳಿವು.

ವೇದಕಾಲದ ಗ್ರಂಥ ಶತಪಥ ಬ್ರಾಹ್ಮಣದ ಪ್ರಳಯಕಥೆಯಲ್ಲಿ ಹಕ್ಕಿಯೇ ಇಲ್ಲ. ಮನುವಿನ ಕೈತೊಳೆಯುವ ನೀರಲ್ಲಿ ಪುಟ್ಟ ಮೀನು; ಮುಂದೆ ಅದರ ಕೊಂಬಿಗೇ ದೋಣಿಯ ಹಗ್ಗ. ಅಲ್ಲಿ ಅದನ್ನು ವಿಷ್ಣು ಎಂದಿಲ್ಲ, ಸಪ್ತರ್ಷಿಗಳೂ ದೋಣಿ ಹತ್ತಿಲ್ಲ. ನಂತರದ ಪುರಾಣಗಳ ಮತ್ಸ್ಯಾವತಾರವನ್ನು ಇಲ್ಲಿಗೆ ಬೆರೆಸಿದರೆ ಹೋಲಿಕೆ ಅಲ್ಲೇ ಕೆಡುತ್ತದೆ, ಈ ತಪ್ಪು ತುಂಬ ಸಾಮಾನ್ಯ. ಬೆರೆಸದೆ ಓದಿದಾಗಲೇ ಅಂಗೈಯಷ್ಟು ನೀರಲ್ಲಿರುವ ಮೀನಿನ ಆ ಮಾತು ತಟ್ಟುವುದು: ನನ್ನನ್ನು ಸಾಕು, ನಿನ್ನನ್ನು ದಾಟಿಸುತ್ತೇನೆ.