ಮಣಿಕಟ್ಟು ಎದ್ದಿತ್ತು, ಅವರು ಹೇಳಿರಲಿಲ್ಲ

2025 ಮಾರ್ಚ್ 14, ಶುಕ್ರವಾರ

ಇವತ್ತು ಮಧ್ಯಾಹ್ನ ನನ್ನ ಕಕ್ಷಿದಾರರೊಬ್ಬರು ಆಫೀಸಿಗೆ ಬಂದಿದ್ದರು. ಮರಗೆಲಸದವರು, ಐವತ್ತೆರಡು ವರ್ಷ. ಅಪಘಾತ ಆಗಿ ಇವತ್ತಿಗೆ 131 ದಿನ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ.

ಹಿಂದಿನಿಂದ ಬಂದ ವ್ಯಾನು ಅವರ ಬೈಕಿಗೆ ಗುದ್ದಿತ್ತು. ಬಲತೋಳಿನ ಮೂಳೆ ನಡುಮಧ್ಯೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು. ಆದರೆ ಆ ಮೂಳೆಯ ಹಿಂಭಾಗವನ್ನು ಬಳಸಿಕೊಂಡು ಒಂದು ನರ ಇಳಿಯುತ್ತದೆ, ರೇಡಿಯಲ್ ನರ. ಮೂಳೆ ಮುರಿದಾಗ ಅದಕ್ಕೂ ಪೆಟ್ಟು ಬಿತ್ತು. ಮಣಿಕಟ್ಟನ್ನು ಮೇಲಕ್ಕೆ ಎತ್ತುವುದು, ಬೆರಳು ಬಿಡಿಸುವುದು, ಹೆಬ್ಬೆರಳನ್ನು ಹೊರಗೆ ಚಾಚುವುದು, ಎಲ್ಲಕ್ಕೂ ಅದೇ ನರ ಬೇಕು. ಮೊದಲ ಸಲ ಅವರನ್ನು ಆಸ್ಪತ್ರೆಯಲ್ಲಿ ನೋಡಿದಾಗ ಕೈ ಚಾಚಿ ಅಂದೆ. ತೋಳು ಮುಂದೆ ಬಂತು, ಮಣಿಕಟ್ಟು ಕೆಳಗೆ ಜೋತುಬಿತ್ತು.

ಮಣಿಕಟ್ಟು ನಿಲ್ಲದಿದ್ದರೆ ಮುಷ್ಟಿಗೂ ಬಲ ಬರುವುದಿಲ್ಲ. ನೀವೇ ಮಣಿಕಟ್ಟನ್ನು ಪೂರ್ತಿ ಕೆಳಗೆ ಬಾಗಿಸಿಕೊಂಡು ಏನನ್ನಾದರೂ ಗಟ್ಟಿಯಾಗಿ ಹಿಡಿಯಲು ನೋಡಿ, ಗೊತ್ತಾಗುತ್ತದೆ. ಮೂವತ್ತು ವರ್ಷ ಸುತ್ತಿಗೆ, ಉಳಿ ಹಿಡಿದ ಕೈ ಅದು.

ಇವತ್ತು ಬಂದಾಗಲೂ ಕೈಗೆ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಜೋತುಬೀಳದ ಹಾಗೆ ಹಿಡಿದಿಡುವ ಆಸರೆಪಟ್ಟಿ, ಕಟ್ಟಿಕೊಂಡಿದ್ದರು. ಜೊತೆಗೆ ಅವರ ಹೆಂಡತಿ. ಹೇಗಿದೆ ಕೈ ಅಂತ ಕೇಳಿದೆ. "ಹಾಗೇ ಇದೆ ಮೇಡಂ" ಅಂದರು. ಮುಖ ಎತ್ತಲಿಲ್ಲ.

ಅವರ ಹೆಂಡತಿಗೆ ತಡೆಯಲಾಗಲಿಲ್ಲ. "ಯಾಕ್ರೀ ಮೇಡಂ ಹತ್ರಾನೂ ಮುಚ್ಚಿಡ್ತೀರಿ? ಇಪ್ಪತ್ತು ದಿನ ಆಯ್ತು ಮೇಡಂ, ಮಲಗಿದ್ದಾಗ ಮಣಿಕಟ್ಟು ಮೇಲಕ್ಕೆ ಎತ್ತಿದ್ರು. ಸ್ವಲ್ಪವೇ. ಆದ್ರೆ ಎತ್ತಿದ್ರು. ನಾನೇ ನೋಡಿದೀನಿ."

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಒಂದೊಂದೇ ಹೊರಬಂತು. ನೆಂಟರಲ್ಲಿ ಯಾರೋ ಹೇಳಿದ್ದರಂತೆ, ಕೈ ಸರಿಹೋದರೆ ಪರಿಹಾರ ಸಿಗಲ್ಲ, ಕೇಸು ಮುಗಿಯೋವರೆಗೂ ಹಾಗೇ ಇರಲಿ ಅಂತ. ಅವತ್ತಿನಿಂದ ಫಿಸಿಯೋಗೆ ಹೋಗುವುದನ್ನೇ ನಿಲ್ಲಿಸಿದ್ದರು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನೂ ಬಿಟ್ಟಿದ್ದರು. ಇಪ್ಪತ್ತು ದಿನ. ನರ ಮರಳಿ ಬರುತ್ತಿದೆ ಅಂತ ದೇಹ ಹೇಳಿದ ದಿನದಿಂದಲೇ.

ನನಗೆ ಮೊದಲು ಸಿಟ್ಟು ಬಂತು. ಆ ನೆಂಟರ ಮೇಲೆ. ಆಮೇಲೆ ತುಂಬಾ ಬೇಜಾರಾಯಿತು. ಒಬ್ಬ ಮನುಷ್ಯ ತನ್ನ ಕೈ ಗುಣವಾಗುತ್ತಿದೆ ಅಂತ ಹೆದರುವ ಹಾಗೆ ಆಯಿತಲ್ಲ. ರಾತ್ರಿ ಯಾರಿಗೂ ಕಾಣದ ಹಾಗೆ ಎತ್ತಿ ನೋಡಿ, ಎದ್ದಿತು ಅಂತ ಖುಷಿಪಡುವ ಬದಲು ಗಾಬರಿಯಾಗುವುದು. ಇದನ್ನು ಅವರ ಮೇಲೆ ಹೊರಿಸಲು ನನಗೆ ಮನಸ್ಸು ಬರಲಿಲ್ಲ.

ಯಾಕೆಂದರೆ ಇದರಲ್ಲಿ ನನ್ನ ತಪ್ಪೂ ಇದೆ. ಡಿಸೆಂಬರಿನಲ್ಲಿ ಅವರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆ. ದಿನಾ ಏನು ಮಾಡಲು ಆಗಲಿಲ್ಲ, ಎಲ್ಲಿ ನೋವಿತ್ತು, ನಿದ್ದೆ ಬಂತಾ, ಬರೆಯಿರಿ ಅಂದಿದ್ದೆ. ಗಾಯದ ಕೇಸುಗಳಲ್ಲಿ ಇದು ಬಹಳ ಮುಖ್ಯ. ಎರಡು ವರ್ಷ ಆದಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತು, ಮೂರನೇ ವಾರ ಹೇಗಿತ್ತು ಅಂತ ಯಾರು ನೆನಪಿಸಿಕೊಳ್ಳುತ್ತಾರೆ? ಆದರೆ ನಾನು ಕೇಳಿದ್ದು ಆಗದೇ ಇದ್ದುದನ್ನು ಮಾತ್ರ. ಎಡಗೈಯಲ್ಲಿ ಅಂಕುಡೊಂಕಾಗಿ ಅವರು ಪುಟಗಟ್ಟಲೆ ಬರೆದಿದ್ದಾರೆ. ಗುಂಡಿ ಹಾಕಲು ಆಗಲಿಲ್ಲ. ಬೀಗ ತೆಗೆಯಲು ಆಗಲಿಲ್ಲ. ಮೊಮ್ಮಗಳನ್ನು ಎತ್ತಲು ಆಗಲಿಲ್ಲ. ಆಗಿದ್ದನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಮಣಿಕಟ್ಟು ಎದ್ದ ದಿನ ಅದನ್ನು ಎಲ್ಲಿ ಬರೆಯಬೇಕಿತ್ತು ಅವರು?

ಅವರಿಗೆ ನಾನು ಮೊದಲು ಹೇಳಿದ್ದು ಇಷ್ಟೇ. "ನೀವು ಗುಣವಾಗಿ. ಕೇಸಿನ ಚಿಂತೆ ನನಗೆ ಬಿಡಿ."

ಆಮೇಲೆ ಕೂತು ನಿಧಾನವಾಗಿ ವಿವರಿಸಿದೆ. ಪೆಟ್ಟು ಬಿದ್ದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತೋಳಿನ ನಡುವಿನಿಂದ ಮೊಣಕೈ ದಾಟಿ ಮುಂಗೈ ಸ್ನಾಯುಗಳವರೆಗೆ ಬರಲು ತಿಂಗಳುಗಳೇ ಬೇಕು. ಮೊದಲು ಮಣಿಕಟ್ಟು, ಆಮೇಲೆ ಬೆರಳು, ಎಲ್ಲಕ್ಕಿಂತ ಕೊನೆಗೆ ಹೆಬ್ಬೆರಳು. ಅವರ ಫಿಸಿಯೋ ಇದನ್ನು ತೋಳಿನ ಮೇಲೆಯೇ ತೋರಿಸಿದ್ದರು. ನರದ ದಾರಿಯಲ್ಲಿ ಬೆರಳ ತುದಿಯಿಂದ ತಟ್ಟುತ್ತಾ ಹೋಗಬೇಕು. ಎಲ್ಲಿ ಜುಮ್ ಅನ್ನುತ್ತದೋ ಹೆಚ್ಚೂಕಮ್ಮಿ ಅಲ್ಲಿಯವರೆಗೆ ನರ ಬಂದಿದೆ ಅಂತ ಲೆಕ್ಕ. ಮೊದಲ ಮಹಾಯುದ್ಧದ ಸಮಯದಲ್ಲಿ, 1915ರಲ್ಲಿ, ಫ್ರಾನ್ಸಿನ ಡಾಕ್ಟರ್ ಜೂಲ್ಸ್ ಟಿನೆಲ್ ಇದನ್ನು ಬರೆದಿಟ್ಟರು. ಅದೇ ವರ್ಷ ಜರ್ಮನಿಯ ಪಾಲ್ ಹಾಫ್‌ಮನ್ ಕೂಡ. ಎದುರುಬದುರು ಪಕ್ಷದ ದೇಶಗಳ ಇಬ್ಬರು ಡಾಕ್ಟರುಗಳಿಗೆ ಒಂದೇ ವಿಷಯ ಹೊಳೆದಿತ್ತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಏನೋ ಸಮಾಧಾನ. ನಮ್ಮ ಫಿಸಿಯೋ ಜುಮ್ ಅಂದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ತಾರೀಖಿನೊಂದಿಗೆ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಜನವರಿಯ ಗುರುತು ಮೊಣಕೈಗಿಂತ ಮೇಲೆ ಇತ್ತು, ಫೆಬ್ರವರಿಯದು ಮೊಣಕೈ ಹತ್ತಿರ. ಆಮೇಲೆ ಫೋಟೋ ಬರಲಿಲ್ಲ. ಯಾಕೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ನರ ಬರುವವರೆಗೆ ಕೀಲುಗಳನ್ನು ಸಡಿಲವಾಗಿ ಇಟ್ಟುಕೊಳ್ಳಬೇಕು. ವ್ಯಾಯಾಮ ಅದಕ್ಕೇ ಇರುವುದು. ಬಿಟ್ಟರೆ ಬೆರಳುಗಳು ಬಿಗಿದುಕೊಳ್ಳುತ್ತವೆ. ಆಮೇಲೆ ನರ ಬಂದರೂ ಕೈ ಬಿಡಿಸಿಕೊಳ್ಳುವುದಿಲ್ಲ. ತುಂಬಾ ತಡವಾದರೆ ಸ್ನಾಯುವೂ ಕಾಯುವುದಿಲ್ಲ. ಒಂದು ಒಂದೂವರೆ ವರ್ಷ ನರದ ಸಂಪರ್ಕವೇ ಇಲ್ಲದೆ ಉಳಿದರೆ ಅದು ಮತ್ತೆ ಕೆಲಸ ಮಾಡುವ ಸಾಧ್ಯತೆ ತೀರಾ ಕಡಿಮೆ.

ಕಾನೂನಿನ ಕಡೆಯಿಂದ ನೋಡಿದರೂ ಆ ನೆಂಟರ ಮಾತು ತಪ್ಪು. ಗಾಯ ಆದವರು ತಮ್ಮ ಕೈಲಾದ ಮಟ್ಟಿಗೆ ನಷ್ಟ ಕಡಿಮೆ ಮಾಡಿಕೊಳ್ಳಬೇಕು ಅಂತ ಬಹಳ ಕಡೆ ಕೋರ್ಟುಗಳು ನೋಡುತ್ತವೆ. ಸುಮ್ನೆ ಚಿಕಿತ್ಸೆ ಬಿಟ್ಟವರಿಗೆ, ಬಿಟ್ಟಿದ್ದರಿಂದ ಹೆಚ್ಚಾದ ಭಾಗದ ಹಣ ಸಿಗುವುದಿಲ್ಲ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಫಿಸಿಯೋ ಹಾಜರಿ ಪುಸ್ತಕ ಹಿಡಿದು ಈ ಇಪ್ಪತ್ತು ದಿನದ ಬಗ್ಗೆ ಖಂಡಿತ ಕೇಳುತ್ತಾರೆ. ಈ ಮಾತನ್ನು ಅವರಿಗೆ ಎರಡನೆಯದಾಗಿ ಹೇಳಿದೆ. ಬೇಕಂತಲೇ. ಹಣಕ್ಕಾಗಿ ವ್ಯಾಯಾಮ ಮಾಡಿ ಅಂದರೆ, ಹಣಕ್ಕಾಗಿ ವ್ಯಾಯಾಮ ಬಿಡಿ ಅಂದವರಿಗೂ ನನಗೂ ಏನು ವ್ಯತ್ಯಾಸ?

"ಹಾಗಾದ್ರೆ ಪೂರ್ತಿ ಸರಿಹೋದ್ರೆ ಏನೂ ಸಿಗಲ್ವಾ?" ಅಂತ ಅವರ ಹೆಂಡತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಗುತ್ತದೆ. ದುಡಿಯದೆ ಹೋದ ತಿಂಗಳುಗಳಿವೆ. ಆಸ್ಪತ್ರೆ ಖರ್ಚಿದೆ. ಅನುಭವಿಸಿದ ನೋವಿದೆ, ಮತ್ತೊಬ್ಬರ ಕೈಯಲ್ಲಿ ಗುಂಡಿ ಹಾಕಿಸಿಕೊಂಡ ದಿನಗಳಿವೆ. ಕೈ ಗುಣವಾಯಿತು ಅಂತ ಅವು ಅಳಿಸಿಹೋಗುವುದಿಲ್ಲ. ಮುಂದಿನ ದುಡಿಮೆಯ ನಷ್ಟಕ್ಕೆ ಸಿಗುವ ಹಣ ಮಾತ್ರ ಕಡಿಮೆಯಾಗುತ್ತದೆ. ಅದು ಕಡಿಮೆಯಾಗುವುದು ಅವರೇ ಮತ್ತೆ ದುಡಿಯುತ್ತಾರೆ ಅನ್ನುವ ಕಾರಣಕ್ಕೆ. ಆ ಹಣ ಕಡಿಮೆಯಾಗಲಿ ಅಂತಲೇ ನಾನು ಆಸೆಪಡುತ್ತೇನೆ. ವಕೀಲೆಯಾಗಿ ಇದನ್ನು ಹೇಳಲು ನನಗೆ ಹಿಂಜರಿಕೆ ಇಲ್ಲ.

ಪರಿಹಾರ ಅಂದರೆ ಏನು ಅನ್ನುವುದಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಒಂದು ಹಳೆಯ ಮಾತಿದೆ. ತಪ್ಪು ನಡೆಯದೇ ಇದ್ದಿದ್ದರೆ ಆ ಮನುಷ್ಯ ಯಾವ ಸ್ಥಿತಿಯಲ್ಲಿ ಇರುತ್ತಿದ್ದನೋ, ಹಣದಿಂದ ಸಾಧ್ಯವಾದಷ್ಟು ಅಲ್ಲಿಗೆ ಮುಟ್ಟಿಸಬೇಕು ಅಂತ. 1880ರಲ್ಲಿ ಲಾರ್ಡ್ ಬ್ಲ್ಯಾಕ್‌ಬರ್ನ್ ಹೇಳಿದ್ದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಕೇಸು ಯಾವುದರದ್ದು ಅಂತ ಆಮೇಲೆ ಓದಿದಾಗ ಮನಸ್ಸಿಗೆ ಒಂಥರಾ ಆಯಿತು. ಅದು ಯಾರ ಕೈಕಾಲಿನದೂ ಅಲ್ಲ. ಒಬ್ಬರ ಜಮೀನಿನ ಕೆಳಗಿದ್ದ ಕಲ್ಲಿದ್ದಲನ್ನು ಪಕ್ಕದ ಗಣಿಯವರು ತಪ್ಪಿ ತೆಗೆದುಕೊಂಡಿದ್ದ ಕೇಸು. ಕಲ್ಲಿದ್ದಲಿಗೆ ಬೆಲೆ ಕಟ್ಟಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಕೈಗೆ ಹಾಗಲ್ಲ. ಹಣದ ಕೆಲಸ ಏನಿದ್ದರೂ ಫಿಸಿಯೋ ನಿಲ್ಲದ ಹಾಗೆ, ಬಾಡಿಗೆ ಬಾಕಿ ಬೀಳದ ಹಾಗೆ, ಸಾಲ ಕೊಟ್ಟವರು ಬಾಗಿಲಿಗೆ ಬರದ ಹಾಗೆ ನೋಡಿಕೊಳ್ಳುವುದು. ನರಕ್ಕೆ ಬೇಕಾದಷ್ಟು ದಿನ ಅದು ಕೊಡಿಸಬೇಕು.

ಅದಕ್ಕೇ ಆರನೇ ವಾರದಲ್ಲಿ ವ್ಯಾನಿನ ವಿಮಾ ಕಂಪನಿಯವರು ರಾಜಿಗೆ ಕಳಿಸಿದ್ದ ಕಾಗದಕ್ಕೆ ಸಹಿ ಹಾಕಬೇಡಿ ಅಂದಿದ್ದೆ. ಆಗ ನರ ಬರುತ್ತದೋ ಇಲ್ಲವೋ ಡಾಕ್ಟರಿಗೇ ಗೊತ್ತಿರಲಿಲ್ಲ. "ಇದು ಪೂರ್ತಿ ಮತ್ತು ಕೊನೆಯ ಇತ್ಯರ್ಥ" ಅಂತ ಬರೆದ ಕಾಗದಕ್ಕೆ ಸಹಿ ಬಿದ್ದರೆ ಆಮೇಲೆ ಕೈ ಬರದೇ ಹೋದರೂ ಕೇಳುವ ಹಾಗಿಲ್ಲ. ಕೇಸು ದಾಖಲು ಮಾಡುವುದಕ್ಕೆ ಗಡುವು ಇರುತ್ತದೆ, ಅದನ್ನು ದಾಟಬಾರದು. ಆದರೆ ದಾಖಲು ಮಾಡುವುದೇ ಬೇರೆ, ಮುಗಿಸುವುದೇ ಬೇರೆ. ಗಾಯ ಎಲ್ಲಿಗೆ ನಿಲ್ಲುತ್ತದೆ ಅಂತ ಡಾಕ್ಟರ್ ಹೇಳುವವರೆಗೆ ಮುಗಿಸಬಾರದು.

ಕಳೆದ ವಾರ ಆ ಕಂಪನಿಯಿಂದ ಇನ್ನೊಂದು ಪತ್ರ ಬಂದಿದೆ. ಇವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ ಇತ್ತು, ನರ ನಿಧಾನವಾಗಿ ಗುಣವಾಗುತ್ತಿರುವುದು ಅದರಿಂದ, ಅದಕ್ಕೆ ನಾವು ಹೊಣೆಯಲ್ಲ ಅಂತ. ಸಕ್ಕರೆ ಕಾಯಿಲೆಯಲ್ಲಿ ನರ ನಿಧಾನ ಅನ್ನುವುದು ನಿಜ. ಆದರೆ ಗುದ್ದಿದವರು ಎಂಥ ಮನುಷ್ಯನಿಗೆ ಗುದ್ದಬೇಕು ಅಂತ ಆರಿಸಿಕೊಳ್ಳುವುದಿಲ್ಲವಲ್ಲ. 1901ರಲ್ಲೇ ಇಂಗ್ಲೆಂಡಿನಲ್ಲಿ ಇಂಥ ಪ್ರಶ್ನೆ ಬಂದಿತ್ತು. ಪಬ್ ಒಂದರ ಕೌಂಟರ್ ಹಿಂದೆ ನಿಂತಿದ್ದ ಬಸುರಿ ಹೆಂಗಸಿನ ಎದುರಿಗೇ ಕುದುರೆ ಗಾಡಿ ಒಳಗೆ ನುಗ್ಗಿತು. ಗಾಡಿ ಅವಳಿಗೆ ತಾಗಲಿಲ್ಲ, ಆಘಾತದಿಂದ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಾಯಗೊಂಡವರ ತಲೆಬುರುಡೆ ತೆಳುವಾಗಿತ್ತು, ಹೃದಯ ದುರ್ಬಲವಾಗಿತ್ತು ಅನ್ನುವುದು ತಪ್ಪು ಮಾಡಿದವರಿಗೆ ನೆಪವಾಗದು ಅಂತ ಆ ಕೇಸಿನಲ್ಲಿ ನ್ಯಾಯಾಧೀಶ ಕೆನಡಿ ಬರೆದರು. ಆ ತೀರ್ಪನ್ನೂ ಸೇರಿಸಿ ಉತ್ತರ ಬರೆದಿಟ್ಟಿದ್ದೇನೆ.

ಸಂಜೆ ಇನ್ನೊಬ್ಬ ಕಕ್ಷಿದಾರರ ತಾಯಿ ಫೋನ್ ಮಾಡಿದ್ದರು. ಆ ಹುಡುಗಿಯದು ಇದಕ್ಕೆ ಪೂರ್ತಿ ತಿರುಗಾಮುರುಗಾ. ಟೀಚರ್. ತಲೆಗೆ ಪೆಟ್ಟು ಬಿದ್ದಿತ್ತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆಸ್ಪತ್ರೆಗೆ ಬಂದಾಗ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 15ಕ್ಕೆ 15. ಆ ಮಾಪನವನ್ನು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ್ದು ರೋಗಿಗೆ ಎಷ್ಟು ಎಚ್ಚರ ಇದೆ ಅಂತ ತಿಳಿಯಲು. ಕಣ್ಣು ತೆರೆದರಾ, ಮಾತಾಡಿದರಾ, ಹೇಳಿದ ಹಾಗೆ ಕೈಕಾಲು ಆಡಿಸಿದರಾ, ಅಷ್ಟೇ. ಒಂದು ಪುಟ ಓದಿದರೆ ತಲೆ ಸಿಡಿಯುತ್ತದಾ, ಮಕ್ಕಳ ಗಲಾಟೆಯ ನಡುವೆ ಪಾಠದ ಎಳೆ ತಪ್ಪುತ್ತದಾ ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಎದುರು ಪಕ್ಷದವರು ಮಾತ್ರ ಆ 15ನ್ನೇ ಹಿಡಿದುಕೊಂಡಿದ್ದಾರೆ. ಇವಳೋ, ಡಾಕ್ಟರ್ ಕೇಳಿದಾಗಲೆಲ್ಲ "ಚೆನ್ನಾಗಿದ್ದೀನಿ" ಅಂದುಬಿಡುತ್ತಾಳೆ. ಕೆಲಸ ಹೋಗುತ್ತದೆ ಅನ್ನುವ ಭಯ. ಫೈಲಿನ ತುಂಬ ಅವಳು ಚೆನ್ನಾಗಿದ್ದಾಳೆ. ಮುಂದಿನ ಸಲ ಡಾಕ್ಟರ ಹತ್ತಿರ ಅಮ್ಮನೂ ಜೊತೆಗೆ ಹೋಗಿ, ಮನೆಯಲ್ಲಿ ಕಂಡಿದ್ದನ್ನು ಹೇಳಲಿ ಅಂತ ಮಾತಾಯಿತು.

ಒಬ್ಬರು ಗುಣವಾಗಿದ್ದನ್ನು ಮುಚ್ಚಿಟ್ಟರು, ಇನ್ನೊಬ್ಬಳು ಗಾಯವನ್ನೇ ಮುಚ್ಚಿಡುತ್ತಿದ್ದಾಳೆ. ಇಬ್ಬರಿಗೂ ಇರುವುದು ಹೊಟ್ಟೆಪಾಡಿನ ಭಯವೇ.

ಮರಗೆಲಸದವರ ನೋಟ್‌ಬುಕ್ಕಿಗೆ ಇವತ್ತು ನಡುವೆ ಗೆರೆ ಎಳೆದುಕೊಟ್ಟೆ. ಎಡಗಡೆ ಆಗದೇ ಇದ್ದದ್ದು, ಬಲಗಡೆ ಆದದ್ದು. ಎರಡೂ ಬೇಕು. ಕೋರ್ಟಿನಲ್ಲೂ ಅಷ್ಟೇ, ಬರೀ ಕಷ್ಟವೇ ಇರುವ ಪುಸ್ತಕವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಅವರ ದುಡಿಮೆಗೆ ಸಂಬಳದ ಚೀಟಿ ಇಲ್ಲ. ಹಾಗಾಗಿ ಅವರು ಬಾಗಿಲು, ಕಿಟಕಿ ಮಾಡಿಕೊಟ್ಟ ಮನೆಯವರ ಪಟ್ಟಿ ಮತ್ತು ಮರ ಕೊಂಡ ಬಿಲ್ಲುಗಳನ್ನು ಹುಡುಕಿ ತರಲು ಅವರ ಹೆಂಡತಿಗೆ ಹೇಳಿದ್ದೇನೆ. ಫಿಸಿಯೋಗೆ ನಾನೇ ಫೋನ್ ಮಾಡಿದೆ. ನಾಳೆ ಬೆಳಗ್ಗೆಯೇ ಕಳಿಸಿ ಅಂದರು. ನರದ ಪರೀಕ್ಷೆ ಇನ್ನೊಮ್ಮೆ ಮಾಡಿಸಲು ಡಾಕ್ಟರಿಗೆ ಪತ್ರ ಹೋಗಬೇಕು.

ಹೊರಡುವ ಮುಂಚೆ ಸ್ಪ್ಲಿಂಟ್ ಬಿಚ್ಚಿ ಒಮ್ಮೆ ತೋರಿಸಿ ಅಂದೆ. ಮುಂಗೈಯನ್ನು ನನ್ನ ಮೇಜಿನ ಅಂಚಿಗೆ ಇಟ್ಟರು. ಹಣೆಯಲ್ಲಿ ನೆರಿಗೆ ಬಂತು. ಮಣಿಕಟ್ಟು ಎರಡು ಬೆರಳಷ್ಟು ಎದ್ದು, ನಡುಗಿ, ಮತ್ತೆ ಬಿತ್ತು. ಅವರ ಹೆಂಡತಿ ಇನ್ನೊಂದ್ಸಲ ಅಂದರು. ಮತ್ತೆ ಎತ್ತಿದರು.

ಈ ಸುಧಾರಣೆಯನ್ನು, ವ್ಯಾಯಾಮ ಬಿಟ್ಟ ಇಪ್ಪತ್ತು ದಿನವನ್ನೂ ಸೇರಿಸಿ, ವಿಮಾ ಕಂಪನಿಗೆ ನಾವೇ ತಿಳಿಸಿಬಿಡೋಣ ಅಂತ ಕೇಳಿದೆ. ಫಿಸಿಯೋ ಖರ್ಚಿಗೆ ಮಧ್ಯಂತರ ಹಣ ಕೊಡಿ ಅಂತಲೂ ಅದೇ ಪತ್ರದಲ್ಲಿ ಕೇಳಬಹುದು. ಒಪ್ಪಿದರು. ಪೂರ್ತಿ ಮನಸ್ಸಿನಿಂದ ಅಲ್ಲ, ಅದು ನನಗೆ ಕಾಣುತ್ತಿತ್ತು. ಎರಡು ದಿನ ಯೋಚನೆ ಮಾಡಿ, ಸೋಮವಾರ ಮತ್ತೆ ಮಾತಾಡೋಣ ಅಂದಿದ್ದೇನೆ. ಅಲ್ಲಿಯವರೆಗೆ ಪತ್ರ ಕಳಿಸುವುದಿಲ್ಲ.