ಐದನೆಯ ನಟ್

ಕಡಲತೀರದ ದೀಪಸ್ತಂಭ ಹತ್ತಲು ಸಂಜೆ ಐದರವರೆಗೆ ಮಾತ್ರ ಬಿಡುತ್ತಾರೆಂದು ಮಗಳು ಒಂದು ವಾರದಿಂದ ಜಪಿಸುತ್ತಿದ್ದಳು. ಹಾಗಾಗಿ ಬೆಳಕು ಹರಿಯುವ ಮೊದಲೇ ಹೊರಟೆವು. ಬಯಲು ದಾಟಿ ಬೆಟ್ಟದ ನೆತ್ತಿ ಮುಟ್ಟುವಾಗ ಹತ್ತು ಗಂಟೆ. ಮಂಜು ಇನ್ನೂ ಎದ್ದಿರಲಿಲ್ಲ. ತಿರುವುಗಳಲ್ಲಿ ಎದುರಿನ ವಾಹನದ ದೀಪ ಮೊದಲು ಕಾಣುತ್ತಿತ್ತು, ವಾಹನ ಆಮೇಲೆ. ಇಳಿಜಾರಿನ ಒಂದು ತಿರುವಿನಲ್ಲಿ ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದೆ. ಟಾರು ಮುಗಿದು ಮಣ್ಣು ಶುರುವಾಗುವಲ್ಲಿ ಚೂಪಾದ ಕಲ್ಲೊಂದು ಕಾದು ಕುಳಿತಿತ್ತು.

ಹಿಂದಿನ ಎಡಚಕ್ರ. ಟೈರಿನ ಪಕ್ಕೆ ಬೆರಳುದ್ದ ಸೀಳಿತ್ತು. ನೆಲ ತುಳಿಯುವ ಭಾಗಕ್ಕೆ ಮೊಳೆ ಚುಚ್ಚಿದರೆ ತೇಪೆ ಹಾಕಬಹುದು. ಪಕ್ಕೆಯೇ ಸೀಳಿದರೆ ಟೈರನ್ನು ಮರೆಯುವುದೇ ಸರಿ. ಆದರೂ ನನಗೆ ಗಾಬರಿಯಾಗಲಿಲ್ಲ. ಸ್ಟೆಪ್ನಿ ಇತ್ತು, ಜಾಕ್ ಇತ್ತು. ಮೇಲಾಗಿ ಮೂರೇ ವಾರದ ಹಿಂದೆ, "ದೂರ ಹೋಗುವವರಿದ್ದೇವೆ, ಎಲ್ಲ ನೋಡಿ" ಎಂದು ಹೇಳಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಕಾರು ಬಿಟ್ಟಿದ್ದೆ. "ಹತ್ತು ನಿಮಿಷ ಸಾಕು" ಎಂದು ಹೆಂಡತಿಗೆ ಹೇಳಿ ತೋಳು ಮಡಚಿದೆ.

ಚಕ್ರವನ್ನು ಮೇಲೆತ್ತುವ ಮೊದಲೇ, ಕಾರು ನೆಲದ ಮೇಲಿರುವಾಗಲೇ ನಟ್‌ಗಳನ್ನು ಸಡಿಲಿಸಬೇಕು. ಇಲ್ಲದಿದ್ದರೆ ಪಾನಾ ತಿರುಗಿಸಿದಂತೆ ಚಕ್ರವೂ ತಿರುಗುತ್ತದೆ. ಮೊದಲ ನಟ್‌ಗೆ ಪಾನಾ ಹಾಕಿ ಒತ್ತಿದೆ. ಅಲುಗಲಿಲ್ಲ. ಎರಡೂ ಕೈಯಲ್ಲಿ ಒತ್ತಿದೆ. ಕೊನೆಗೆ ಪಾನಾದ ತುದಿಯ ಮೇಲೆ ಹತ್ತಿ ನಿಂತೆ. ಆಗ ಕಿರ್ ಎಂದು ಬಿಟ್ಟುಕೊಟ್ಟಿತು. ನನ್ನ ಕಾರಿನ ಕೈಪಿಡಿಯಲ್ಲಿ ನಟ್ ಬಿಗಿತ 110 ನ್ಯೂಟನ್ ಮೀಟರ್ ಎಂದು ಬರೆದಿದೆ. ನನ್ನ ತೂಕ 70 ಕಿಲೋ, ಪಾನಾದ ಉದ್ದ 30 ಸೆಂಟಿಮೀಟರ್. ತುದಿಯಲ್ಲಿ ನಿಂತರೆ ಬೀಳುವ ತಿರುಚುಬಲ ಸುಮಾರು 200. ಕೈಪಿಡಿ ಓದಿದವರು ಬಿಗಿದ ನಟ್ ಅದಾಗಿರಲಿಲ್ಲ. ಗಾಳಿಯ ಗನ್ ಹಿಡಿದು, ಗರ್ ಎನ್ನುವ ಸದ್ದು ನಿಲ್ಲುವವರೆಗೆ ಒತ್ತಿ, ಮುಂದಿನ ಕಾರಿಗೆ ಓಡಿದವರು ಬಿಗಿದದ್ದು.

ನಾಲ್ಕು ನಟ್ ಹೀಗೇ ಬಂದವು. ಐದನೆಯದು ದುಂಡಗಿತ್ತು. ಪಾನಾ ಹಿಡಿಯಲು ಆರು ಮೂಲೆಗಳಿರಲಿಲ್ಲ. ಮುಖದ ಮೇಲೆ ಹೂವಿನ ಎಸಳಿನಂಥ ಕೊರೆತ ಮಾತ್ರ. ಅಲಾಯ್ ಚಕ್ರಗಳನ್ನು ಕಳ್ಳರು ಒಯ್ಯದಂತೆ ಪ್ರತಿ ಚಕ್ರಕ್ಕೆ ಒಂದರಂತೆ ಹಾಕುವ ಬೀಗದ ನಟ್ ಇದು. ಆ ಎಸಳುಗಳಿಗೆ ಸರಿಹೊಂದುವ ಉಬ್ಬುಗಳಿರುವ, ಹೆಬ್ಬೆರಳಿನಷ್ಟು ದೊಡ್ಡ ಉಕ್ಕಿನ ತುಂಡೇ ಅದರ ಕೀಲಿಕೈ. ಅದನ್ನು ನಟ್ ಮೇಲೆ ಕೂರಿಸಿ, ಅದರ ಮೇಲೆ ಪಾನಾ ಹಾಕಬೇಕು.

ಜಾಕ್ ಇಡುವ ಜಾಗದಲ್ಲಿ ಕೀಲಿಕೈಗೆಂದೇ ಕೊರೆದ ಥರ್ಮಾಕೋಲಿನ ಗೂಡಿದೆ. ಗೂಡು ಖಾಲಿ. ಗ್ಲೌವ್ ಬಾಕ್ಸ್, ಬಾಗಿಲಿನ ಜೇಬು, ಸೀಟಿನ ಅಡಿ, ಕಾರ್ಪೆಟ್ಟಿನ ಅಡಿ ಎಲ್ಲ ಜಾಲಾಡಿದೆವು. ಮಗಳಿಗೆ ಕಳೆದ ವರ್ಷ ಕಳೆದಿದ್ದ ಬಣ್ಣದ ಪೆನ್ಸಿಲ್ ಸಿಕ್ಕಿತು. ಗ್ಲೌವ್ ಬಾಕ್ಸಿನಲ್ಲೇ ಇದ್ದ ಜಾಬ್ ಕಾರ್ಡ್ ತೆಗೆದು ನೋಡಿದೆ: ಚಕ್ರಗಳ ಅದಲುಬದಲು, ಸರಿ ಗುರುತು. ಎಂದರೆ ನಾಲ್ಕೂ ಚಕ್ರ ಬಿಚ್ಚಿದ್ದಾರೆ, ಕೀಲಿಕೈ ಬಳಸಿದ್ದಾರೆ.

ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿದೆ. "ಕಾರಿನಲ್ಲೇ ಇಟ್ಟಿದ್ದೇವೆ ಸರ್. ಸರಿಯಾಗಿ ನೋಡಿ" ಎಂದರು. ನೋಡಿದ್ದೇನೆ ಎಂದೆ. "ಒಂದು ನಿಮಿಷ" ಎಂದು ಸಂಗೀತ ಕೇಳಿಸಿದರು. ನಾಲ್ಕು ನಿಮಿಷದ ನಂತರ ಸಂಗೀತವೂ ನಿಂತಿತು. ರಸ್ತೆಬದಿ ನೆರವಿನವರು ಕೀಲಿಕೈ ಇಲ್ಲದೆ ಚಕ್ರ ಮುಟ್ಟುವುದಿಲ್ಲವಂತೆ, ಬೇಕಿದ್ದರೆ ಕಾರನ್ನು ಹೇರಿಕೊಂಡು ಹೋಗುತ್ತಾರಂತೆ, ಗಾಡಿ ಬರಲು ನಾಲ್ಕು ಗಂಟೆ. ಬೆಟ್ಟದ ಕೆಳಗಿನ ಪಟ್ಟಣದಲ್ಲಿ ಅದೇ ಕಂಪನಿಯ ಸೆಂಟರ್ ಇತ್ತು. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ ಕೋಡ್ ಕಾರ್ಡ್ ಇದೆಯೇ ಎಂದು ಕೇಳಿದಳು. ಕೀಲಿಕೈ ಜೊತೆ ಬರುವ ಆ ಚೀಟಿಯ ಸಂಖ್ಯೆ ಕೊಟ್ಟರೆ ಹೊಸದನ್ನು ತರಿಸಬಹುದು. ಕಾರ್ಡ್ ಮನೆಯ ಕಪಾಟಿನಲ್ಲಿತ್ತು. ಕಳೆದುಹೋಗಬಾರದೆಂದು ನಾನೇ ಜೋಪಾನ ಮಾಡಿದ್ದೆ. "ಹಾಗಾದರೆ ಎಲ್ಲ ಬಗೆಯ ಕೀಲಿಕೈಗಳಿರುವ ಮಾಸ್ಟರ್ ಸೆಟ್‌ನಲ್ಲಿ ಒಂದೊಂದೇ ಹೊಂದಿಸಿ ನೋಡಬೇಕು ಸರ್. ಸೆಟ್ ಈಗ ಇನ್ನೊಂದು ಶಾಖೆಗೆ ಹೋಗಿದೆ."

ಸ್ಟೆಪ್ನಿಯ ಮೇಲೆ ಕುಳಿತೆ. ಈ ಹೆಸರು ವೇಲ್ಸ್‌ನ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ ಅಲ್ಲಿ ಥಾಮಸ್ ಮಾರಿಸ್ ಡೇವಿಸ್ ರೂಪಿಸಿದ ಸ್ಟೆಪ್ನಿಗೆ ನಡುವೆ ಕಡ್ಡಿಗಳೇ ಇರಲಿಲ್ಲ. ಟೈರು ತೊಟ್ಟ ಬರೀ ಬಳೆ. ಗಾಳಿ ಹೋದ ಚಕ್ರವನ್ನು ಬಿಚ್ಚದೆ ಅದಕ್ಕೇ ಇದನ್ನು ಬಿಗಿದು ಮುಂದೆ ಸಾಗುತ್ತಿದ್ದರು. ಬಿಚ್ಚದೆ! ಆ ಬೆಟ್ಟದ ಮೇಲೆ ಕುಳಿತು ಆ ಪುಣ್ಯಾತ್ಮನನ್ನು ನೆನೆದಷ್ಟು ನಾನು ದೇವರನ್ನೂ ನೆನೆಯಲಿಲ್ಲ.

ಕೆಳಗಿಳಿಯುತ್ತಿದ್ದ ಲಾರಿಯವನೊಬ್ಬ ನಿಲ್ಲಿಸಿ ನೋಡಿ, ಏನೂ ಹೇಳದೆ ಹೋದ. ಮುಕ್ಕಾಲು ಗಂಟೆಯ ನಂತರ ಸ್ಕೂಟರಿನಲ್ಲಿ ಒಬ್ಬ ವಯಸ್ಸಾದವರು ಬಂದರು. ಪಂಕ್ಚರ್ ಕೆಲಸದವರು, ಲಾರಿಯವನೇ ಕಳಿಸಿದ್ದ. ಮೊದಲು ನಟ್‌ನ ಹೊರಸುತ್ತನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಕೆಲವದಕ್ಕೆ ಮೇಲೊಂದು ತಿರುಗುವ ಬಳೆ ಇರುತ್ತದೆ. ಹಿಡಿದರೆ ಬಳೆ ಮಾತ್ರ ಸುತ್ತುತ್ತದೆ, ನಟ್ ಬರುವುದಿಲ್ಲ. ನಿಮ್ಮದಕ್ಕೆ ಇಲ್ಲ, ಅದೃಷ್ಟ" ಎಂದರು. ಚೀಲದಿಂದ ಹನ್ನೆರಡು ಹಲ್ಲಿನ ಹಳೆಯ ಸಾಕೆಟ್ಟುಗಳನ್ನು ಸುರುವಿ, ನಟ್‌ಗಿಂತ ಕೂದಲೆಳೆಯಷ್ಟು ಚಿಕ್ಕದೊಂದನ್ನು ಆರಿಸಿ, ಅದರ ಬಾಯಿಗಿಟ್ಟು ಸುತ್ತಿಗೆಯಲ್ಲಿ ಬಡಿದರು. ಐದಾರು ಏಟಿಗೆ ಸಾಕೆಟ್ಟಿನ ಹಲ್ಲುಗಳು ನಟ್‌ನ ಮೈಗೆ ಕಚ್ಚಿ ಕೂತವು. ಉದ್ದ ಕೊಳವೆ ತೂರಿಸಿ ಒಂದೇ ಸಮನೆ ಒತ್ತಿದರು, ಬಂತು. ನಟ್ ಸಾಕೆಟ್ಟಿನೊಳಗೆ ಹಾಗೇ ಸಿಕ್ಕಿಕೊಂಡಿತ್ತು. ಅದನ್ನು ಮಗುಚಿ, ಹಿಂದಿನಿಂದ ಸರಳು ಹಾಕಿ ಬಡಿದು ಕೆಳಗೆ ಬೀಳಿಸಿದರು. ಎಲ್ಲ ಸೇರಿ ಏಳು ನಿಮಿಷ.

"ಹಾಗಾದರೆ ಕಳ್ಳನಿಗೂ ಏಳೇ ನಿಮಿಷ" ಎಂದಳು ಹೆಂಡತಿ.

"ಕಳ್ಳನಾದರೆ ಇನ್ನೂ ಬೇಗ, ಅಮ್ಮ. ಅವನು ಚಕ್ರಕ್ಕೆ ಗೀರು ಬೀಳದಂತೆ ಬಟ್ಟೆ ಸುತ್ತುವುದಿಲ್ಲ" ಎಂದರು ಅವರು. ನೋಡಿದರೆ ನಿಜಕ್ಕೂ ಸಾಕೆಟ್ಟಿಗೆ ಬಟ್ಟೆ ಸುತ್ತಿದ್ದರು.

ಐದನೆಯ ಜಾಗಕ್ಕೆ ಡಬ್ಬಿಯಿಂದ ಸಾದಾ ನಟ್ ಹುಡುಕಿದರು. ಸಿಕ್ಕ ಮೊದಲನೆಯದು ಎರಡು ಸುತ್ತು ತಿರುಗುವಷ್ಟರಲ್ಲೇ ಬಿಗಿಯಾಯಿತು. "ಒಳಗಿನ ಥ್ರೆಡ್ಡಿನ ಅಂತರ ಬೇರೆ. ಪಾನಾ ಹಾಕಿ ಒತ್ತಿದ್ದರೆ ಬೋಲ್ಟೇ ಹಾಳು" ಎಂದು ತೆಗೆದರು. ಬೆರಳಲ್ಲೇ ಬುಡದವರೆಗೆ ಓಡುವ ನಟ್ ಸಿಕ್ಕಿದ ಮೇಲೆಯೇ ಪಾನಾ ಮುಟ್ಟಿದರು. ಎದುರುಬದುರಾಗಿ ನಕ್ಷತ್ರದ ಆಕಾರದಲ್ಲಿ ಬಿಗಿದು, ಐವತ್ತು ಕಿಲೋಮೀಟರ್ ಹೋದ ಮೇಲೆ ಮತ್ತೊಮ್ಮೆ ಬಿಗಿ ನೋಡಲು ಹೇಳಿದರು. ಮೂರು ವಾರದ ಹಿಂದೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಸ್ಟೆಪ್ನಿ ತೆಳ್ಳನೆಯದು, ಅದರ ಮೇಲೆ 80 ಕಿಲೋಮೀಟರ್ ವೇಗದ ಮಿತಿ ಬರೆದಿದೆ. ಉಳಿದ ದಾರಿಯಲ್ಲಿ ಬಸ್ಸುಗಳೆಲ್ಲ ನಮ್ಮನ್ನು ದಾಟಿ ಹೋದವು. ಕಡಲು ಕಾಣುವಾಗ ಕತ್ತಲಾಗಿತ್ತು. ದೀಪಸ್ತಂಭದ ಬಾಗಿಲು ಮುಚ್ಚಿತ್ತು, ದೀಪ ಸುತ್ತುತ್ತಿತ್ತು. ಬೆಳಕು ಒಂದು ಸುತ್ತು ಬರಲು ಎಷ್ಟು ಸೆಕೆಂಡ್ ಎಂದು ಮಗಳು ಮರಳ ಮೇಲೆ ಮಲಗಿ ಎಣಿಸಿದಳು. ಮರುದಿನ ಹತ್ತಿದೆವು, ಆದರೆ ಅವಳು ಇಂದಿಗೂ ಹೇಳುವುದು ಆ ರಾತ್ರಿಯ ಎಣಿಕೆಯ ಕಥೆಯನ್ನೇ.

ಊರಿಗೆ ಮರಳಿದ ಮೇಲೆ ಕೋಡ್ ಕಾರ್ಡ್ ಜೇಬಿಗೆ ಹಾಕಿಕೊಂಡು ಸರ್ವಿಸ್ ಸೆಂಟರ್‌ಗೆ ಹೋದೆ. ಉಳಿದ ಮೂರು ಚಕ್ರಗಳಲ್ಲಿ ಬೀಗದ ನಟ್ ಇನ್ನೂ ಹಾಗೇ ಕೂತಿತ್ತಲ್ಲ. ಅಡ್ವೈಸರ್ ಮತ್ತೆ, "ಕಾರಿನಲ್ಲೇ ಇರಬೇಕು ಸರ್" ಎಂದು ಶುರುಮಾಡಿದರು. ಒಳಗಿನಿಂದ ಬಂದ ಮೆಕ್ಯಾನಿಕ್ ಹುಡುಗ ಮಾತ್ರ ನನ್ನ ಕಾರ್ಡ್ ನೋಡಿ, ಏನೂ ಹೇಳದೆ ಮೇಜಿನ ಕೆಳಗಿನ ಡ್ರಾಯರ್ ಎಳೆದ. ಗ್ರೀಸ್ ಮೆತ್ತಿದ ಉಕ್ಕಿನ ತುಂಡುಗಳು ಉರುಳಿ ಮುಂದೆ ಬಂದವು. ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ ಸಂಖ್ಯೆ ಓದಿದ. ನಾಲ್ಕನೆಯದು ನನ್ನದು.

ಮೂರೂ ಬೀಗದ ನಟ್ ಬಿಚ್ಚಿಸಿ, ಎಲ್ಲ ಕಡೆ ಸಾದಾ ನಟ್ ಹಾಕಿಸಿದೆ, ಬಿಗಿತ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ತರುವವರೆಗೆ ಚಕ್ರದ ಪಕ್ಕದಿಂದ ಕದಲಲಿಲ್ಲ. "ಹೀಗಾದರೆ ಚಕ್ರ ಕಳುವಾಗಬಹುದು ಸರ್" ಎಂದು ಅಡ್ವೈಸರ್ ಎಚ್ಚರಿಸಿದರು. ನಾನು ಡ್ರಾಯರ್ ಕಡೆ ನೋಡುತ್ತಿದ್ದೆ. ಹುಡುಗ ಅದನ್ನು ಮುಚ್ಚುವ ಮೊದಲು ಎಣಿಸಿಕೊಂಡೆ. ಇನ್ನೂ 11 ಇದ್ದವು.