ಅಜ್ಜಿ ಮಲಗಿಲ್ಲ

ಶಿಶುವಿಹಾರದಲ್ಲಿ ಮೇಷ್ಟ್ರುಗಿರಿ ಮಾಡುವವಳು ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದನ್ನೇ: ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಾಲ್ಕು ವರ್ಷದ ಮಗುವಿಗೆ ಏನಂತ ಹೇಳೋದು?

ಸತ್ತುಹೋದರು ಅಂತಲೇ ಹೇಳಿ.

ಕೇಳಿದವರ ಮುಖ ಚಿಕ್ಕದಾಗುತ್ತದೆ. ನನಗೂ ಮೊದಲು ಬಾಯಿ ಬಂದಿರಲಿಲ್ಲ. ನಮ್ಮತ್ತೆ ಹೋದಾಗ ಮಗಳಿಗೆ, "ಅಜ್ಜಿ ಮಲಗಿದ್ದಾರೆ ಪುಟ್ಟಾ" ಅಂದುಬಿಟ್ಟೆ. ವಾರ ಕಳೆಯುವಷ್ಟರಲ್ಲಿ, ದೀಪ ಆರಿಸಿದ ಕೂಡಲೇ ಅವಳು ಎದ್ದು ಕೂರತೊಡಗಿದಳು. ಒಂದು ರಾತ್ರಿ ನನ್ನ ಕಣ್ಣಿನ ರೆಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಮ್ಮ, ನೀನು ಮಲಗ್ಬೇಡ" ಅಂದಳು. ನಾನು ಹೇಳಿದ್ದನ್ನು ಪಾಪ, ಹಾಗೇ ನಂಬಿದ್ದಳು.

ಮರುದಿನ ತೊಡೆ ಮೇಲೆ ಕೂರಿಸಿಕೊಂಡು ಹೇಳಿದೆ: "ಅಜ್ಜಿ ಮಲಗಿಲ್ಲ, ಸತ್ತುಹೋದರು. ಅವರ ಎದೆ ಬಡಿಯೋದು ನಿಂತಿದೆ, ಉಸಿರು ನಿಂತಿದೆ. ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಮತ್ತೆ ಬರಲ್ಲ." ಸುಮ್ಮನೆ ಕೇಳಿಸಿಕೊಂಡು, "ಹಾಗಾದ್ರೆ ಅವರ ಕನ್ನಡಕ ಯಾರಿಗೆ?" ಅಂದವಳೇ ಆಟಕ್ಕೆ ಓಡಿದಳು. ಇದು ಕಲ್ಲು ಮನಸ್ಸಲ್ಲ. ಮಕ್ಕಳ ದುಃಖ ಚೂರುಚೂರಾಗಿ ಬರುತ್ತದೆ. ಸ್ವಲ್ಪ ಅಳು, ಸ್ವಲ್ಪ ಆಟ, ಮತ್ತೆ ಅಳು.

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡಿದ್ದು ಇದು: ಐದರೊಳಗಿನ ಮಕ್ಕಳಿಗೆ ಸಾವೆಂದರೆ ಒಂದು ಪಯಣ ಅಥವಾ ನಿದ್ದೆ. ಹೋದವರು ಬರಬೇಕು, ಮಲಗಿದವರು ಏಳಬೇಕು. ಅದನ್ನೇ ನಾವೂ ಹೇಳಿದರೆ ಮಗು ಬಾಗಿಲು ನೋಡುತ್ತಾ ಕೂರದೆ ಇನ್ನೇನು ಮಾಡೀತು? "ದೇವರಿಗೆ ಇಷ್ಟವಾದರು, ಕರೆಸಿಕೊಂಡ" ಅನ್ನುವುದಂತೂ ಬೇಡವೇ ಬೇಡ. ನಾಳೆ ತನ್ನಮ್ಮನೂ ಇಷ್ಟವಾಗಿಬಿಟ್ಟರೆ? ಸ್ವರ್ಗವನ್ನು ನಂಬುವವರು ಹೇಳಲಿ, ಆದರೆ ದೇಹ ನಿಂತುಹೋಯಿತು ಅನ್ನುವುದನ್ನು ಹೇಳಿದ ಮೇಲೆ.

ಕಾಯಿಲೆಯಿಂದ ಅನ್ನುವುದಾದರೆ, "ತುಂಬಾ ದೊಡ್ಡ ಕಾಯಿಲೆ, ನಿನ್ನ ನೆಗಡಿಯಂಥದ್ದಲ್ಲ" ಅಂತ ಸೇರಿಸಿ. ಮಗು ಕೇಳದಿದ್ದರೂ "ನಿನ್ನಿಂದ ಆಗಿದ್ದಲ್ಲ" ಅನ್ನಿ. ಅಜ್ಜಿ ಮೇಲೆ ಸಿಟ್ಟು ಮಾಡಿಕೊಂಡಿದ್ದೇ ಕಾರಣ ಅಂತ ಎಷ್ಟೋ ಮಕ್ಕಳು ಒಳಗೊಳಗೇ ನಡುಗುತ್ತಿರುತ್ತವೆ.

"ನೀನೂ ಸಾಯ್ತೀಯಾ?" ಇದಕ್ಕೆ ಗಂಟಲು ಕಟ್ಟುತ್ತದೆ. ಇಲ್ಲ ಅನ್ನಬೇಡಿ. ಎಲ್ಲರೂ ಒಂದು ದಿನ ಸಾಯ್ತಾರೆ, ನಾನು ತುಂಬಾ ವರ್ಷ ಇರ್ತೀನಿ ಅಂದ್ಕೊಂಡಿದ್ದೀನಿ ಅನ್ನಿ. ಮಗು ನಿಜಕ್ಕೂ ಕೇಳುತ್ತಿರುವುದು ತನ್ನನ್ನು ನೋಡಿಕೊಳ್ಳುವವರು ಯಾರು ಅಂತ. ಆ ಹೆಸರುಗಳನ್ನು ಒಂದೊಂದಾಗಿ ಹೇಳಿ. ಹೇಳುವಾಗ ನಿಮಗೂ ಅಳು ಬಂದರೆ ಬರಲಿ.

ಒಂದೇ ಸಲಕ್ಕೆ ಮುಗಿಯುವ ಮಾತಲ್ಲ ಇದು. ಮೊನ್ನೆ ಚಪ್ಪಲಿ ಹಾಕಿಕೊಳ್ಳುತ್ತಾ ಮಗಳು ಕೇಳಿದಳು, "ಅಜ್ಜಿ ಇನ್ನೂ ಸತ್ತೇ ಇದ್ದಾರಾ?"

"ಹೂಂ, ಇನ್ನೂ" ಅಂದೆ. ಇನ್ನೊಂದು ಚಪ್ಪಲಿ ಹುಡುಕಲು ಹೋದಳು.